ಭಾರತದಲ್ಲಿ ದೈಹಿಕ ಅಂಗವಿಕಲರ ಹಕ್ಕುಗಳ ಚಳವಳಿ

ಕೈಕಾಲು, ಬೆನ್ನುಹುರಿ, ಮೂಳೆ, ಸ್ನಾಯುಗಳ ತೊಂದರೆಯಿಂದ ಓಡಾಟ ಕಷ್ಟವಾಗಿರುವವರು ಶಾಲೆ, ಕಚೇರಿ, ಬಸ್ಸು, ಆಸ್ಪತ್ರೆ, ಮತಗಟ್ಟೆಗಳನ್ನು ಎಲ್ಲರಂತೆ ತಾವೂ ಬಳಸುವಂತಾಗಬೇಕು, ಉದ್ಯೋಗದಲ್ಲೂ ಕಾನೂನಿನ ಮುಂದೆಯೂ ಸಮಾನರಾಗಿರಬೇಕು ಎಂದು ತಾವೇ ಮುಂದೆ ನಿಂತು ನಡೆಸಿಕೊಂಡು ಬಂದಿರುವ ಚಳವಳಿ. ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡವರು, ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದವರು, ಸೆರೆಬ್ರಲ್ ಪಾಲ್ಸಿ ಮತ್ತು ಸ್ನಾಯುಕ್ಷಯ ಇರುವವರು, ಕುಬ್ಜ ದೇಹದವರು, ಕುಷ್ಠದಿಂದ ಗುಣಮುಖರಾದವರು, ಆಸಿಡ್ ದಾಳಿಗೆ ತುತ್ತಾದವರು ಇವರೆಲ್ಲರನ್ನೂ ಇಂದಿನ ಕಾನೂನು ಚಲನವೈಕಲ್ಯದ ಗುಂಪಿನಲ್ಲಿ ಎಣಿಸುತ್ತದೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಒಟ್ಟು ಜನಸಂಖ್ಯೆಯಲ್ಲಿ ಇದು ಶೇ 2.21. ಅವರಲ್ಲಿ ಸುಮಾರು 54 ಲಕ್ಷ ಮಂದಿ ಚಲನವೈಕಲ್ಯ ಉಳ್ಳವರು. ಬೇರೆ ಯಾವ ಬಗೆಯ ವೈಕಲ್ಯದವರಿಗಿಂತಲೂ ಇವರ ಸಂಖ್ಯೆಯೇ ಹೆಚ್ಚು. ಕರ್ನಾಟಕದಲ್ಲಿ ಎಲ್ಲ ಬಗೆಯ ಅಂಗವಿಕಲರು ಸೇರಿ 13.24 ಲಕ್ಷ. ಜಗತ್ತಿನ ಜನರಲ್ಲಿ ಶೇ 16ರಷ್ಟು ಮಂದಿಗೆ ಗಣನೀಯ ವೈಕಲ್ಯವಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಎರಡು ಲೆಕ್ಕಗಳ ನಡುವೆ ಇಷ್ಟು ಅಂತರವಿರಲು ಮುಖ್ಯ ಕಾರಣ, ಗಣತಿದಾರರು ಕೇಳುವ ಪ್ರಶ್ನೆ ಮತ್ತು ಮನೆಯವರು ಮುಚ್ಚಿಡುವ ಉತ್ತರ. ಮನೆಯಲ್ಲಿ ಮದುವೆಯಾಗಬೇಕಾದ ಹೆಣ್ಣುಮಗಳಿದ್ದರೆ ಒಳಕೋಣೆಯಲ್ಲಿರುವ ಅಣ್ಣನ ಸುದ್ದಿ ಎಷ್ಟೋ ಸಲ ಬಾಗಿಲು ದಾಟಿ ಬರುವುದಿಲ್ಲ.

ಹಿನ್ನೆಲೆ

ಸಂವಿಧಾನದ 15ನೆಯ ವಿಧಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಆಧಾರದ ಮೇಲೆ ತಾರತಮ್ಯವನ್ನು ನಿಷೇಧಿಸುತ್ತದೆ; ಆ ಪಟ್ಟಿಯಲ್ಲಿ ಅಂಗವೈಕಲ್ಯ ಇಲ್ಲ. ವೈಕಲ್ಯದ ಪ್ರಸ್ತಾಪ ಇರುವುದು ರಾಜ್ಯ ನಿರ್ದೇಶಕ ತತ್ತ್ವಗಳ 41ನೆಯ ವಿಧಿಯಲ್ಲಿ ಮತ್ತು ರಾಜ್ಯಪಟ್ಟಿಯ 9ನೆಯ ನಮೂದಿನಲ್ಲಿ. ಎರಡೂ ಕಡೆ ಅದು ಬರುವುದು ನೆರವು, ಪರಿಹಾರ ಎಂಬ ಅರ್ಥದಲ್ಲಿ. ಹೀಗಾಗಿ ಸ್ವಾತಂತ್ರ್ಯದ ನಂತರದ ಹಲವು ದಶಕ ಅಂಗವಿಕಲರ ವಿಚಾರವೆಂದರೆ ಪಿಂಚಣಿ, ಊರುಗೋಲು ವಿತರಣೆ, ವಸತಿಶಾಲೆ ಎಂದೇ ಆಯಿತು. ಕೊಡುವವರಿಗೆ ಪುಣ್ಯ, ಪಡೆಯುವವರಿಗೆ ಋಣ. ಕೇಳಿ ಪಡೆಯಬಹುದಾದ ಹಕ್ಕೊಂದಿದೆ ಎಂಬ ಮಾತು ಹುಟ್ಟಲು ಬಹಳ ಕಾಲ ಹಿಡಿಯಿತು.

ಅಂಗವಿಕಲರೇ ಕಟ್ಟಿದ ಸಂಸ್ಥೆಗಳ ಮೊದಲ ಸಾಲಿನಲ್ಲಿ ಬೆಂಗಳೂರಿನ ಹೆಸರಿದೆ. ಪೋಲಿಯೊದಿಂದಾಗಿ ಗಾಲಿಕುರ್ಚಿ ಬಳಸುತ್ತಿದ್ದ ಎನ್. ಎಸ್. ಹೇಮಾ 1959ರಲ್ಲಿ ಗೆಳೆಯರೊಂದಿಗೆ ಸೇರಿ ಸ್ಥಾಪಿಸಿದ 'ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ' ಸಂಸ್ಥೆ ಲಿಂಗರಾಜಪುರದಲ್ಲಿ ಶಾಲೆ, ಉದ್ಯೋಗ ತರಬೇತಿ, ತೋಟಗಾರಿಕೆ ತರಬೇತಿಗಳನ್ನು ಬೆಳೆಸಿತು. ತಮಿಳುನಾಡಿನ ಆಯಿಕುಡಿಯಲ್ಲಿ ಎಸ್. ರಾಮಕೃಷ್ಣನ್ 1981ರಲ್ಲಿ ಅಮರ್ ಸೇವಾ ಸಂಗಮ್ ಆರಂಭಿಸಿದರು. ನೌಕಾಪಡೆಯ ಆಯ್ಕೆ ಪರೀಕ್ಷೆಯ ವೇಳೆ ಬಿದ್ದು ಅವರ ಕತ್ತಿನ ಕೆಳಗಿನ ದೇಹ ಸ್ವಾಧೀನ ಕಳೆದುಕೊಂಡಿತ್ತು. ಜೈಪುರದಲ್ಲಿ ವೈದ್ಯ ಪ್ರಮೋದ್ ಕರಣ್ ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ 1968ರ ಸುಮಾರಿಗೆ ರೂಪಿಸಿದ ರಬ್ಬರ್ ಪಾದ ಕೂಡ ಇದೇ ಕಾಲದ್ದು. ಚಕ್ಕಳಮಕ್ಕಳ ಹಾಕಿ ಕೂರಲು, ಬರಿಗಾಲಲ್ಲಿ ಗದ್ದೆಗೆ ಇಳಿಯಲು, ಕುಕ್ಕರುಗಾಲಲ್ಲಿ ಕೂತೇಳಲು ಬರುವಂತೆ ಇಲ್ಲಿನ ಬದುಕಿಗೆ ತಕ್ಕಂತೆ ಮಾಡಿದ ಕಾಲು ಅದು.

ಪೋಲಿಯೊ ಈ ಚಳವಳಿಯ ಒಂದು ಇಡೀ ತಲೆಮಾರನ್ನು ರೂಪಿಸಿತೆನ್ನಬಹುದು. ದೇಶದ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು. ರೋಗ ಹೋಯಿತು, ರೋಗ ಬಂದು ಉಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಗೆ ಈಗ ವಯಸ್ಸಾಗುತ್ತಿದೆ. ಇಷ್ಟು ವರ್ಷ ಕ್ಯಾಲಿಪರ್ ಕಟ್ಟಿ ನಡೆದ ಕಾಲು, ಊರುಗೋಲಿನ ಮೇಲೆ ಭಾರ ಹೊತ್ತ ಭುಜ ಎರಡೂ ಸೋಲುವ ಕಾಲ ಇದು.

ಹೊರದೇಶಗಳಲ್ಲಿ

ಅಮೆರಿಕದ ಬರ್ಕ್‌ಲಿಯಲ್ಲಿ ಎಡ್ ರಾಬರ್ಟ್ಸ್ ಮತ್ತು ಸಂಗಡಿಗರು 1972ರಲ್ಲಿ ಸ್ವತಂತ್ರ ಜೀವನ ಕೇಂದ್ರ ತೆರೆದರು. 1977ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡವೊಂದರಲ್ಲಿ ಅಂಗವಿಕಲರು ಮೂರು ವಾರಕ್ಕೂ ಹೆಚ್ಚು ಕಾಲ ಧರಣಿ ಕುಳಿತು ತಾರತಮ್ಯ ನಿಷೇಧದ ನಿಯಮಗಳಿಗೆ ಸಹಿ ಹಾಕಿಸಿಕೊಂಡರು. 1990ರ ಮಾರ್ಚ್‌ನಲ್ಲಿ ಹೋರಾಟಗಾರರು ವಾಷಿಂಗ್ಟನ್ನಿನ ಸಂಸತ್ ಭವನದ ಮೆಟ್ಟಿಲುಗಳನ್ನು ಗಾಲಿಕುರ್ಚಿ ಬಿಟ್ಟು ತೆವಳಿಕೊಂಡು ಏರಿದರು; ಅದೇ ವರ್ಷ ಜುಲೈ 26ರಂದು ಅಮೆರಿಕದ ಅಂಗವಿಕಲರ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಬ್ರಿಟನ್ನಿನಲ್ಲಿ ಮೈಕ್ ಆಲಿವರ್ ಮೊದಲಾದವರು ಚಳವಳಿಗೆ ವೈಚಾರಿಕ ನೆಲೆ ಕೊಟ್ಟರು. ಮೆಟ್ಟಿಲು ಹತ್ತಲಾಗದಿರುವುದು ದೇಹದ ಸಂಗತಿ, ಮೆಟ್ಟಿಲಲ್ಲದೆ ಬೇರೆ ದಾರಿ ಇರದಂತೆ ಕಟ್ಟಿದ್ದು ಸಮಾಜದ ತೀರ್ಮಾನ, ಬದಲಾಗಬೇಕಾದದ್ದು ಈ ಎರಡನೆಯದು ಎಂಬುದು ಅವರ ವಾದದ ತಿರುಳು.

1995ರ ಕಾಯ್ದೆ ಮತ್ತು ಜಾವೇದ್ ಅಬಿದಿ

ವಿಶ್ವಸಂಸ್ಥೆ 1981ನ್ನು ಅಂತರರಾಷ್ಟ್ರೀಯ ಅಂಗವಿಕಲರ ವರ್ಷವೆಂದು ಆಚರಿಸಿತು. ಅದಕ್ಕೆ ಮುಂಚೆಯೇ, 1977ರಲ್ಲಿ, ಕೇಂದ್ರ ಸರ್ಕಾರದ ಸಿ ಮತ್ತು ಡಿ ದರ್ಜೆಯ ಹುದ್ದೆಗಳಲ್ಲಿ ಶೇ 3 ಮೀಸಲಾತಿ ಬಂದಿತ್ತು. ಅಧಿಕಾರಿ ಹುದ್ದೆಗಳು ಅದರಿಂದ ಹೊರಗಿದ್ದವು. ಅಂಗವಿಕಲರು ಗುಮಾಸ್ತರೂ ಜವಾನರೂ ಆಗಬಹುದು, ಅಧಿಕಾರಿಗಳಾಗಲು ತಕ್ಕವರಲ್ಲ ಎಂಬ ನಂಬಿಕೆ ಆಡಳಿತದಲ್ಲಿ ಎಷ್ಟು ಆಳವಾಗಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಪರಿಸ್ಥಿತಿ ಬದಲಾದದ್ದು ತೊಂಬತ್ತರ ದಶಕದಲ್ಲಿ. ಅಲೀಗಢದಲ್ಲಿ 1965ರಲ್ಲಿ ಹುಟ್ಟಿದ ಜಾವೇದ್ ಅಬಿದಿ ಬೆನ್ನುಹುರಿಯ ಜನ್ಮಜಾತ ತೊಂದರೆಯಿಂದ ಗಾಲಿಕುರ್ಚಿ ಹಿಡಿದವರು. ಅಮೆರಿಕದಲ್ಲಿ ಓದಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಯಾರ ಹಂಗೂ ಇಲ್ಲದೆ ಓಡಾಡಿ, ದೆಹಲಿಗೆ ಮರಳಿದಾಗ ಪ್ರತಿ ಬಾಗಿಲಲ್ಲೂ ತಡೆ. ಅವರು ಮತ್ತು ಸಂಗಡಿಗರು ಕಟ್ಟಿದ ಡಿಸೇಬಲ್ಡ್ ರೈಟ್ಸ್ ಗ್ರೂಪ್ ಸಂಸದರ ಮನೆಬಾಗಿಲಿಗೆ ಹೋಯಿತು, ಬೀದಿಗಿಳಿಯಿತು. 1995ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗವಿಕಲರ ಸಮಾನ ಅವಕಾಶ, ಹಕ್ಕುಗಳ ರಕ್ಷಣೆ ಮತ್ತು ಪೂರ್ಣ ಭಾಗವಹಿಸುವಿಕೆಯ ಕಾಯ್ದೆಯನ್ನು ಅಂಗೀಕರಿಸಿತು. 1996ರ ಫೆಬ್ರುವರಿ 7ರಿಂದ ಅದು ಜಾರಿಗೆ ಬಂತು. ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿದ ಈ ಕಾಯ್ದೆ ಸರ್ಕಾರಿ ಉದ್ಯೋಗದಲ್ಲಿ ಶೇ 3 ಮೀಸಲಾತಿ ಕೊಟ್ಟಿತು. ಆದರೆ ರಸ್ತೆ, ಸಾರಿಗೆ, ಕಟ್ಟಡಗಳ ಸುಧಾರಣೆಯ ಸೆಕ್ಷನ್‌ಗಳಿಗೆಲ್ಲ 'ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ' ಎಂಬ ಷರತ್ತು ಅಂಟಿಕೊಂಡಿತ್ತು. ಅನುದಾನವಿಲ್ಲ ಎಂಬ ಒಂದೇ ಸಾಲಿನ ಉತ್ತರ ಕೊಟ್ಟು ಕಡತ ಮುಚ್ಚಲು ಇಲಾಖೆಗಳಿಗೆ ಇಪ್ಪತ್ತು ವರ್ಷ ಈ ಷರತ್ತು ಒದಗಿಬಂತು.

ಅಬಿದಿಯವರ ವೈಶಿಷ್ಟ್ಯವೆಂದರೆ ದೊಡ್ಡ ತತ್ತ್ವವನ್ನು ಒಂದು ಸಣ್ಣ, ಕಣ್ಣಿಗೆ ಕಾಣುವ ಬೇಡಿಕೆಯಾಗಿ ಮುಂದಿಡುತ್ತಿದ್ದದ್ದು. ವಿಮಾನ ಹತ್ತಲು ಎತ್ತುಯಂತ್ರ ಬೇಕು, ಒಳಗೆ ಸಾಲುಗಳ ನಡುವೆ ಸಾಗುವ ಕಿರಿದಾದ ಗಾಲಿಕುರ್ಚಿ ಬೇಕು ಎಂದು ಸುಪ್ರೀಂ ಕೋರ್ಟಿಗೆ ಹೋಗಿ ಸ್ವತಃ ವಾದಿಸಿದರು. 1998ರ ಡಿಸೆಂಬರ್‌ನಲ್ಲಿ ಆದೇಶ ಬಂತು. 2001ರ ಜನಗಣತಿಯಲ್ಲಿ ಅಂಗವಿಕಲರನ್ನು ಎಣಿಸುವ ಪ್ರಶ್ನೆಯೇ ಇಲ್ಲವೆಂದು ತಿಳಿದಾಗ ಒತ್ತಡ ತಂದು ಅದನ್ನು ಸೇರಿಸುವಂತೆ ಮಾಡಿದರು. ಅದೇ ವರ್ಷದ ಜನವರಿಯಲ್ಲಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದು ಸ್ಮಾರಕಗಳನ್ನು ನೋಡಬಯಸಿದಾಗ ಕುತುಬ್ ಮಿನಾರ್, ಜಂತರ್ ಮಂತರ್ ಮೊದಲಾದ ಕಡೆ ತರಾತುರಿಯಲ್ಲಿ ಮರದ ಇಳಿಜಾರುಗಳು ಎದ್ದವು. ಒಬ್ಬ ವಿಜ್ಞಾನಿಗಾಗಿ ಆಗುವುದಾದರೆ ಪ್ರತಿ ಪ್ರವಾಸಿಗೂ ಏಕಾಗದು ಎಂಬ ಪ್ರಶ್ನೆಗೆ ಪುರಾತತ್ತ್ವ ಇಲಾಖೆಯ ಬಳಿ ಉತ್ತರವಿರಲಿಲ್ಲ. ಶಾಶ್ವತ ಇಳಿಜಾರುಗಳು ಬಂದವು. ಅಬಿದಿ 2018ರ ಮಾರ್ಚ್ 4ರಂದು ತೀರಿಕೊಂಡರು.

ಇಳಿಜಾರಿನ ಲೆಕ್ಕ

ಸುಗಮ ಪ್ರವೇಶ ಎಂಬುದು ಭಾವನೆಯಲ್ಲ, ಅಳತೆ. ಭಾರತದ ಮಾರ್ಗಸೂಚಿಗಳು ಇಳಿಜಾರಿಗೆ ಒಂದಕ್ಕೆ ಹನ್ನೆರಡರ ಪ್ರಮಾಣ ಹೇಳುತ್ತವೆ. ಎತ್ತರ ಒಂದು ಅಡಿಯಾದರೆ ಉದ್ದ ಹನ್ನೆರಡು ಅಡಿ. ತಾಲ್ಲೂಕು ಕಚೇರಿಯೊಂದರ ಮುಂದೆ 15 ಸೆಂ.ಮೀ. ಎತ್ತರದ ಮೂರು ಮೆಟ್ಟಿಲಿವೆ ಎನ್ನಿ. ಒಟ್ಟು 45 ಸೆಂ.ಮೀ. ಏರಲು 5.4 ಮೀಟರ್ ಉದ್ದದ ಇಳಿಜಾರು ಬೇಕು. ಕೆಳಗೂ ಮೇಲೂ ಕುರ್ಚಿ ತಿರುಗಲು ಸುಮಾರು ಒಂದೂವರೆ ಮೀಟರ್ ಸಮತಟ್ಟು ಜಾಗ, ಎರಡೂ ಬದಿಗೆ ಹಿಡಿದುಕೊಳ್ಳುವ ಕಂಬಿ, ಜಾರದ ನೆಲ, 900 ಮಿ.ಮೀ. ಅಗಲದ ಬಾಗಿಲು ಬೇಕು. ಹೆಚ್ಚಿನ ಕಡೆ ಆಗುವುದೇನೆಂದರೆ ಗುತ್ತಿಗೆದಾರ ಅದೇ ಮೂರು ಮೆಟ್ಟಿಲ ಪಕ್ಕದಲ್ಲಿ ಒಂದೂವರೆ ಮೀಟರಿನಲ್ಲಿ ಕಾಂಕ್ರೀಟ್ ಇಳಿಬಿಟ್ಟು ಬಿಲ್ ಮಾಡಿಕೊಳ್ಳುತ್ತಾನೆ. ಅಂಥ ಕಡಿದಾದ ಏರಿನಲ್ಲಿ ಗಾಲಿಕುರ್ಚಿಯ ಮುಂದಿನ ಸಣ್ಣ ಗಾಲಿಗಳು ನೆಲ ಬಿಟ್ಟು ಮೇಲೇಳುತ್ತವೆ, ಕೂತವರು ಹಿಂದಕ್ಕೆ ಮಗುಚುತ್ತಾರೆ. ಇಳಿಯುವಾಗ ಕುರ್ಚಿ ಕೈಮೀರಿ ಓಡುತ್ತದೆ. ಹಿಂದೆ ತಳ್ಳಲು ಇಬ್ಬರಿಲ್ಲದೆ ಬಳಸಲಾಗದ ಇಳಿಜಾರು ದಾಖಲೆಯಲ್ಲಿ ಮಾತ್ರ ಇಳಿಜಾರು. ಕೆಲವು ದಿನಗಳಲ್ಲೇ ಅದರ ಮೇಲೆ ಬೈಕುಗಳು ನಿಲ್ಲುತ್ತವೆ.

ಶೌಚಾಲಯದ ಕಥೆ ಇದಕ್ಕಿಂತ ಕಠಿಣ. ಬಾಗಿಲು ಒಳಕ್ಕೆ ತೆರೆದುಕೊಂಡರೆ ಕುರ್ಚಿ ಒಳಹೊಕ್ಕ ಮೇಲೆ ಅದನ್ನು ಮುಚ್ಚಲಾಗದು. ಕಮೋಡಿನ ಪಕ್ಕ ಹಿಡಿಕೆಯ ಕಂಬಿ ಇಲ್ಲದಿದ್ದರೆ ಕುರ್ಚಿಯಿಂದ ಅದಕ್ಕೆ ಜರುಗಲಾಗದು. ಇದಕ್ಕೆ ಹೆದರಿ ಹೊರಗೆ ಹೊರಡುವ ದಿನ ಬೆಳಗಿನಿಂದ ನೀರನ್ನೇ ಕುಡಿಯದ ಹೆಣ್ಣುಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಮೂತ್ರಕೋಶದ ಸೋಂಕು ಪ್ರಾಣಕ್ಕೇ ಕುತ್ತು ತರಬಹುದು. ಕಟ್ಟಡದ ನಕ್ಷೆಯಲ್ಲಿ ಉಳಿಸಿದ ಎರಡು ಅಡಿ ಜಾಗ ಹೀಗೆ ಒಬ್ಬರ ಮೂತ್ರಪಿಂಡದ ಮೇಲೆ ಬೀಳುತ್ತದೆ.

ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡ ಕೊಂಡಿಗಳು. ಕಚೇರಿಗೆ ಒಳ್ಳೆಯ ಇಳಿಜಾರಿದ್ದು ಬಸ್ಸು ಹತ್ತಲಾಗದಿದ್ದರೆ ಪ್ರಯೋಜನವಿಲ್ಲ. ತಗ್ಗು ನೆಲದ ನಗರ ಬಸ್ಸಿನ ನೆಲ ರಸ್ತೆಯಿಂದ ಸುಮಾರು 400 ಮಿ.ಮೀ. ಎತ್ತರದಲ್ಲಿರುತ್ತದೆ, ಮಡಿಸುವ ಹಲಗೆ ಇಳಿಬಿಟ್ಟರೆ ಕುರ್ಚಿ ಸಲೀಸಾಗಿ ಏರುತ್ತದೆ. ಊರೂರಿಗೆ ಹೋಗುವ ಸಾಮಾನ್ಯ ಬಸ್ಸಿನ ಮೆಟ್ಟಿಲು ಕಾಲು ಗಟ್ಟಿ ಇರುವ ಮುದುಕರಿಗೇ ಎಟುಕುವುದಿಲ್ಲ.

2016ರ ಕಾಯ್ದೆ

ವಿಶ್ವಸಂಸ್ಥೆಯ ಮಹಾಸಭೆ 2006ರ ಡಿಸೆಂಬರ್ 13ರಂದು ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ 2007ರ ಅಕ್ಟೋಬರ್ 1ರಂದು ಅದನ್ನು ಸ್ಥಿರೀಕರಿಸಿತು. ಒಡಂಬಡಿಕೆಗೆ ತಕ್ಕಂತೆ ಹೊಸ ಕಾನೂನು ಬರಲು ಒಂಬತ್ತು ವರ್ಷ ಹಿಡಿಯಿತು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ ಡಿಸೆಂಬರ್‌ನಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ.

ಇದು ಏಳರ ಬದಲು 21 ವೈಕಲ್ಯಗಳನ್ನು ಗುರುತಿಸಿತು. ಸರ್ಕಾರಿ ಉದ್ಯೋಗದಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5 ಮೀಸಲಾತಿ ಇದೆ. ಅದಕ್ಕೆ ಕನಿಷ್ಠ ಶೇ 40 ವೈಕಲ್ಯದ ಪ್ರಮಾಣಪತ್ರ ಬೇಕು. ಉದ್ಯೋಗದಾತ, ಶಾಲೆ, ಪರೀಕ್ಷಾ ಮಂಡಳಿ ಆಯಾ ವ್ಯಕ್ತಿಗೆ ಬೇಕಾದ ಹೊಂದಾಣಿಕೆಯನ್ನು ಮಾಡಿಕೊಡಲು ನಿರಾಕರಿಸಿದರೆ ಅದೂ ತಾರತಮ್ಯವೇ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ನನ್ನ ತಿಳಿವಳಿಕೆಯಲ್ಲಿ ಈ ಕಾಯ್ದೆಯ ಅತ್ಯಂತ ಬಲವಾದ ಅಸ್ತ್ರ 44ನೆಯ ಸೆಕ್ಷನ್: ಪ್ರವೇಶದ ನಿಯಮ ಪಾಲಿಸದ ನಕ್ಷೆಗೆ ಕಟ್ಟಡ ಪರವಾನಗಿ ಕೊಡುವಂತಿಲ್ಲ, ಪಾಲಿಸದ ಕಟ್ಟಡಕ್ಕೆ ವಾಸಯೋಗ್ಯ ಪ್ರಮಾಣಪತ್ರ ಕೊಡುವಂತಿಲ್ಲ. ಇದನ್ನು ನಗರಸಭೆಗಳು ಮನಸ್ಸಿಟ್ಟು ಜಾರಿ ಮಾಡಿದರೆ ಬೇರೆ ಯಾವ ಅಭಿಯಾನವೂ ಬೇಕಾಗದು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕಾಯ್ದೆ ಐದು ವರ್ಷ ಕೊಟ್ಟಿತ್ತು. ನಿಯಮಗಳು ಪ್ರಕಟವಾದದ್ದು 2017ರ ಜೂನ್‌ನಲ್ಲಿ, ಆ ಗಡುವು 2022ರ ಜೂನ್‌ಗೆ ಮುಗಿದಿದೆ. ಕಾಯ್ದೆ ಉಲ್ಲಂಘಿಸಿದರೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡವಿದೆ. 2015ರ ಡಿಸೆಂಬರ್ 3ರಂದು ಆರಂಭವಾದ ಸುಗಮ್ಯ ಭಾರತ ಅಭಿಯಾನ ಕಟ್ಟಡ, ಸಾರಿಗೆ, ಮಾಹಿತಿ ವ್ಯವಸ್ಥೆ ಮೂರನ್ನೂ ಗುರಿಯಾಗಿಸಿಕೊಂಡಿತು. ಅದರ ಗಡುವುಗಳು ಹಲವು ಸಲ ಮುಂದೆ ಹೋದವು.

ನ್ಯಾಯಾಲಯಗಳಲ್ಲಿ

ಭಾರತದ ಈ ಚಳವಳಿ ಬೀದಿಯಲ್ಲಿ ಗಳಿಸಿದ್ದಕ್ಕಿಂತ ನ್ಯಾಯಾಲಯದಲ್ಲಿ ಗಳಿಸಿದ್ದೇ ಹೆಚ್ಚು. ಸೆರೆಬ್ರಲ್ ಪಾಲ್ಸಿ ಇರುವ ಹೋರಾಟಗಾರ್ತಿ ಜೀಜಾ ಘೋಷ್ ಅವರನ್ನು 2012ರಲ್ಲಿ ಸಮ್ಮೇಳನಕ್ಕೆ ಹೊರಟಿದ್ದಾಗ ಕೋಲ್ಕತ್ತದಲ್ಲಿ ಖಾಸಗಿ ವಿಮಾನದಿಂದ ಕೆಳಗಿಳಿಸಲಾಯಿತು. 2016ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ವೈಕಲ್ಯವಿರುವವರ ಘನತೆ ಸಂವಿಧಾನದ ಹಕ್ಕು ಎಂದಿತು. 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಕೈ ಸೆಳೆತದಿಂದ ಬರೆಯಲಾಗದ ಅಭ್ಯರ್ಥಿಗೆ ಶೇ 40ರ ಪ್ರಮಾಣಪತ್ರ ಇಲ್ಲವೆಂದು ಬರಹಗಾರರ ನೆರವು ನಿರಾಕರಿಸುವಂತಿಲ್ಲ ಎಂದಿತು. ಬಡ್ತಿಯಲ್ಲೂ ಅಂಗವಿಕಲರಿಗೆ ಮೀಸಲಾತಿ ಸಲ್ಲುತ್ತದೆ ಎಂಬುದನ್ನು ಮೂವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದ 2020ರ ಜನವರಿಯ ತೀರ್ಪು ಕರ್ನಾಟಕದಿಂದ ಹೋದ ಸಿದ್ದರಾಜು ಪ್ರಕರಣದ್ದು. 2024ರ ಅಕ್ಟೋಬರ್‌ನಲ್ಲಿ ಓಂಕಾರ್ ಗೋಂಡ್ ಪ್ರಕರಣ ಬಂತು. ವೈಕಲ್ಯದ ಶೇಕಡಾ ಅಂಕಿಯೊಂದನ್ನೇ ಹಿಡಿದು ವೈದ್ಯಕೀಯ ಸೀಟು ತಪ್ಪಿಸುವಂತಿಲ್ಲ, ವಿದ್ಯಾರ್ಥಿ ಏನು ಮಾಡಬಲ್ಲ ಎಂಬುದನ್ನು ಮಂಡಳಿ ನೋಡಬೇಕು ಎಂದಾಯಿತು.

ಸುಗಮ ಪ್ರವೇಶದ ಮಟ್ಟಿಗೆ ರಾಜೀವ್ ರತೂರಿ ಪ್ರಕರಣ ಎಲ್ಲಕ್ಕಿಂತ ಮುಖ್ಯ. 2005ರಲ್ಲಿ ಹೂಡಿದ ಈ ದಾವೆಯಲ್ಲಿ 2017ರ ಡಿಸೆಂಬರ್‌ನಲ್ಲಿ ಹಲವು ನಿರ್ದೇಶನಗಳು ಬಂದವು, ಪಾಲನೆ ಅರೆಬರೆಯಾಯಿತು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಮೂಲಕ್ಕೇ ಕೈಹಾಕಿತು. ಕಾಯ್ದೆ ಕಡ್ಡಾಯ ಮಾನದಂಡ ಕೇಳುತ್ತಿರುವಾಗ 2017ರ ನಿಯಮಾವಳಿಯ 15ನೆಯ ನಿಯಮ ಬರೀ ಶಿಫಾರಸುಗಳನ್ನು ಪೋಣಿಸಿದೆ, ಆದ್ದರಿಂದ ಅದು ಕಾಯ್ದೆಗೆ ವಿರುದ್ಧ ಎಂದು ತೀರ್ಪಿತ್ತು, ಚೌಕಾಸಿಗೆ ಎಡೆಯಿಲ್ಲದ ಕನಿಷ್ಠ ನಿಯಮಗಳನ್ನು ಪ್ರತ್ಯೇಕಿಸಿ ಮೂರು ತಿಂಗಳೊಳಗೆ ರೂಪಿಸಲು ಕೇಂದ್ರಕ್ಕೆ ಹೇಳಿತು. ಮಾಡಿದರೆ ಒಳ್ಳೆಯದು ಎಂಬುದು ಮಾಡಲೇಬೇಕು ಎಂದಾಗಲು ದಾವೆ ಹೂಡಿ ಹತ್ತೊಂಬತ್ತು ವರ್ಷ ಕಾಯಬೇಕಾಯಿತು.

ಮತದ ಹಕ್ಕು ಕೂಡ ಹೀಗೇ ಬಂದದ್ದು. 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ಮತಗಟ್ಟೆಗಳಿಗೆ ಇಳಿಜಾರು ಹಾಕಿಸಬೇಕೆಂದು ಸುಪ್ರೀಂ ಕೋರ್ಟ್ ಸೂಚಿಸಿತು. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ಮನೆಯಲ್ಲೇ ಮತ ಹಾಕುವ ಆಯ್ಕೆಯೂ ದೊರೆಯಿತು. ಹಾಸಿಗೆ ಹಿಡಿದವರಿಗೆ ಇದು ದೊಡ್ಡ ಅನುಕೂಲ. ಮತಗಟ್ಟೆಗೇ ಬರಬಯಸುವವರಿಗೆ ದಾರಿ ಮಾಡಿಕೊಡದಿರಲು ಇದು ನೆಪವಾಗಬಾರದು.

ಕರ್ನಾಟಕದಲ್ಲಿ

ರಾಜ್ಯದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಮತ್ತು ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರ ಕಚೇರಿ ಇವೆ. ಮಂಡ್ಯ ಜಿಲ್ಲೆಯ ಕೆ. ಎಸ್. ರಾಜಣ್ಣ ಬಾಲ್ಯದಲ್ಲೇ ಪೋಲಿಯೊದಿಂದ ಕೈಕಾಲು ಕಳೆದುಕೊಂಡವರು. ಅವರು ಈ ಆಯುಕ್ತ ಹುದ್ದೆಯಲ್ಲಿದ್ದದ್ದು ಸಮುದಾಯದ ಪಾಲಿಗೆ ಮಹತ್ವದ ಘಟನೆ. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಮಾಲತಿ ಹೊಳ್ಳ ಒಂದು ವರ್ಷದ ಮಗುವಾಗಿದ್ದಾಗ ಜ್ವರದಿಂದ ದೇಹದ ಸ್ವಾಧೀನ ಕಳೆದುಕೊಂಡು, ಗಾಲಿಕುರ್ಚಿಯ ಓಟ ಮತ್ತು ಎಸೆತಗಳಲ್ಲಿ ಅಂತರರಾಷ್ಟ್ರೀಯ ಪದಕಗಳನ್ನು ಗೆದ್ದು, 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಪಡೆದರು. ಅಂಗವಿಕಲ ಮಕ್ಕಳಿಗಾಗಿ ಬೆಂಗಳೂರಿನಲ್ಲಿ ಮಾತೃ ಫೌಂಡೇಷನ್ ಕಟ್ಟಿದರು. ಹಾಸನ ಜಿಲ್ಲೆಯ ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದರು. ಇಂಥ ಸಾಧಕರಿಗೆ ಸನ್ಮಾನ ಮಾಡುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಸನ್ಮಾನದ ವೇದಿಕೆಗೇ ಇಳಿಜಾರು ಇರದೆ ಸಾಧಕರನ್ನು ಕುರ್ಚಿ ಸಮೇತ ಎತ್ತಿ ಇಡುವುದನ್ನು ನೋಡಿದಾಗ ನೋವಾಗುತ್ತದೆ.

ರಾಜ್ಯದ ನಿಜವಾದ ಹೆಗ್ಗಳಿಕೆ ಇರುವುದು ಹಳ್ಳಿಯಲ್ಲಿ. ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅಂಗವಿಕಲರನ್ನೇ ಈ ಕೆಲಸಕ್ಕೆ ತೆಗೆದುಕೊಳ್ಳುವುದು ಇದರ ವಿಶೇಷ. ಯಾರ ಮನೆಯಲ್ಲಿ ಯಾವ ಮಗು ಶಾಲೆ ಬಿಟ್ಟಿದೆ, ಯಾರ ಅಂಗವಿಕಲರ ವಿಶಿಷ್ಟ ಗುರುತಿನ (ಯುಡಿಐಡಿ) ಕಾರ್ಡ್ ಬಂದಿಲ್ಲ, ಯಾರ ಪಿಂಚಣಿ ನಿಂತಿದೆ ಎಂಬುದು ಇವರಿಗೆ ಗೊತ್ತು. ಪಂಚಾಯಿತಿ ಅನುದಾನದಲ್ಲಿ ಅಂಗವಿಕಲರಿಗೆಂದು ಮೀಸಲಾದ ಶೇ 5ರ ಹಣ ಖರ್ಚಾಗುವಂತೆ ಗ್ರಾಮಸಭೆಯಲ್ಲಿ ದನಿ ಎತ್ತುವವರೂ ಹೆಚ್ಚಾಗಿ ಇವರೇ. ಪಡೆಯುವುದು ವೇತನವಲ್ಲ, ಗೌರವಧನ. ಕೆಲಸ ಮಾತ್ರ ಪೂರ್ಣಾವಧಿಯದು. ಅವರ ಸೇವೆಯನ್ನು ಕಾಯಂ ಮಾಡದೆ ಚಳವಳಿ ಹಳ್ಳಿ ತಲುಪಿತೆಂದು ಹೇಳಿಕೊಳ್ಳುವುದು ಸರಿಯಲ್ಲ.

ಹಿಂದೆ ಎರಡು ಗಾಲಿ ಜೋಡಿಸಿದ ಸ್ಕೂಟರ್‌ಗಳು ಇಲಾಖೆಯ ಯೋಜನೆಗಳ ಮೂಲಕ ಬಂದ ಮೇಲೆ ಅನೇಕರ ಬದುಕು ಬದಲಾಗಿದೆ. ಊರುಗೋಲನ್ನು ಪಕ್ಕದಲ್ಲಿ ಸಿಕ್ಕಿಸಿಕೊಂಡು ಹತ್ತಾರು ಕಿಲೋಮೀಟರ್ ದೂರದ ಸಂತೆಗೆ, ಕೆಲಸಕ್ಕೆ, ಕಾಲೇಜಿಗೆ ತಾವೇ ಹೋಗಿಬರುತ್ತಾರೆ. ಆದರೆ ಸ್ಕೂಟರ್ ನಿಲ್ಲುವುದು ಕಟ್ಟಡದ ಬಾಗಿಲಲ್ಲಿ. ನಾಡಕಚೇರಿಯೋ ಬ್ಯಾಂಕೋ ಮಹಡಿಯ ಮೇಲಿದ್ದರೆ ಅಲ್ಲಿಂದಾಚೆ ಮತ್ತೆ ಯಾರನ್ನಾದರೂ ಕೂಗಬೇಕು. ಅಧಿಕಾರಿಯೊಬ್ಬರು ಮೆಟ್ಟಿಲಿಳಿದು ಬಂದು ಅಂಗವಿಕಲರಿಂದ ಅರ್ಜಿ ಪಡೆದ ಚಿತ್ರಗಳು ಆಗಾಗ ಪತ್ರಿಕೆಗಳಲ್ಲಿ ಬರುತ್ತವೆ. ಆ ಅಧಿಕಾರಿಯ ಮನಸ್ಸು ದೊಡ್ಡದು, ಸಂಶಯವಿಲ್ಲ. ಆದರೆ ಅವರು ವರ್ಗವಾದ ಮೇಲೆ ಬರುವವರು ಇಳಿಯದಿದ್ದರೆ? ಯಾರ ಒಳ್ಳೆಯತನವನ್ನೂ ಕಾಯದೆ ತನ್ನ ಕೆಲಸ ಮುಗಿಸಿಕೊಂಡು ಬರುವುದೇ ಹಕ್ಕು.

ಉಳಿದಿರುವುದು

ಚಳವಳಿಯ ಒಳಗೂ ಪ್ರಶ್ನೆಗಳಿವೆ. ಮುಂದಾಳುಗಳು ಬಹುಪಾಲು ನಗರದ, ಓದಿದ ಪುರುಷರು; ಹಳ್ಳಿಯ ದಲಿತ ಅಂಗವಿಕಲ ಹೆಣ್ಣುಮಗಳ ದನಿ ಸಭೆಗಳಲ್ಲಿ ಅಪರೂಪ. 2017ರಲ್ಲಿ ಜಿಎಸ್‌ಟಿ ಬಂದಾಗ ಗಾಲಿಕುರ್ಚಿಯಂಥ ಸಾಧನಗಳ ಮೇಲೂ ಶೇ 5 ತೆರಿಗೆ ಬಿತ್ತು. ನಡೆಯುವುದಕ್ಕೇ ತೆರಿಗೆಯೇ ಎಂಬ ಆಕ್ಷೇಪ ನ್ಯಾಯವಾದದ್ದು. ರಾಜಕೀಯ ಪ್ರಾತಿನಿಧ್ಯ ಬಹುತೇಕ ಇಲ್ಲ. ಸ್ಥಳೀಯ ಸಂಸ್ಥೆಗಳಿಗೆ ಅಂಗವಿಕಲರನ್ನು ನಾಮನಿರ್ದೇಶನ ಮಾಡಲು 2025ರಲ್ಲಿ ತಮಿಳುನಾಡು ಕಾನೂನು ಮಾಡಿದೆ. ಕರ್ನಾಟಕವೂ ಆ ದಾರಿ ಹಿಡಿಯಬೇಕು.

ತಾರತಮ್ಯಕ್ಕೆ ಒಳಗಾದವರು ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ವಿಚಾರಣೆ ನಡೆಸುವಾಗ ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಇಳಿಜಾರಿಲ್ಲದ ಶಾಲೆ, ಬೀಗ ಹಾಕಿದ ಶೌಚಾಲಯ, ಕೆಟ್ಟು ನಿಂತ ಲಿಫ್ಟ್ ಕಂಡರೆ ಓದುಗರು ಒಂದು ಫೋಟೊ ತೆಗೆದು, ಜಾಗ ಮತ್ತು ದಿನಾಂಕ ನಮೂದಿಸಿ, ಲಿಖಿತ ದೂರು ಸಲ್ಲಿಸಲಿ. ನಿಮ್ಮೂರಿನಲ್ಲಿ ಹೊಸದಾಗಿ ಏಳುತ್ತಿರುವ ಕಟ್ಟಡದ ನಕ್ಷೆಯನ್ನು ಮಾಹಿತಿ ಹಕ್ಕಿನಡಿ ಕೇಳಿ ನೋಡಿ. ಕಟ್ಟಿದ ಮೇಲೆ ಒಡೆಸುವುದಕ್ಕಿಂತ ಕಟ್ಟುವ ಮುಂಚೆ ಕೇಳುವುದು ಸುಲಭ, ಖರ್ಚೂ ಕಡಿಮೆ.